ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿ

ಇಎಸ್‌ಐ ನಿಗಮದ ಅಧ್ಯಕ್ಷರೂ ಆಗಿರುವ ಕೇಂದ್ರ ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಈ ಪತ್ರವನ್ನು ಕನ್ನಡದಲ್ಲೇ ಬರೆಯುತ್ತಿದ್ದೇನೆ. ದೆಹಲಿಯಲ್ಲಿ ಯಾರಾದರೂ ನಿಮಗೆ ಓದಿ ಹೇಳಬೇಕಾದೀತು, ಪರವಾಗಿಲ್ಲ. ಪೀಣ್ಯದಿಂದ ಬೊಮ್ಮಸಂದ್ರದವರೆಗೆ, ರಾಮನಗರದಿಂದ ಶ್ರೀರಂಗಪಟ್ಟಣದವರೆಗೆ ಗಾರ್ಮೆಂಟ್ಸಿನಲ್ಲಿ ದುಡಿಯುವ ಹೆಂಗಸರ ಪರವಾಗಿ ನಾನು ಏನು ಕೇಳುತ್ತಿದ್ದೇನೆ ಎನ್ನುವುದನ್ನು ಮೊದಲು ಅವರೇ ಓದಬೇಕು. ನಾನೂ ಅದೇ ಮೆಷಿನ್ ಮುಂದೆ ಕೂತು ಬಂದವಳು. ಈಗ ಪಿಎಫ್, ಇಎಸ್‌ಐ ಅರ್ಜಿ ತುಂಬಲು ಬಾರದವರಿಗೆ ತುಂಬಿಕೊಡುತ್ತೇನೆ.

ನನ್ನ ಕೋರಿಕೆ ಒಂದೇ. ಕೆಲಸ ಬಿಟ್ಟವಳಿಗೆ ನಿರುದ್ಯೋಗ ಪರಿಹಾರ ಇಲ್ಲ ಎನ್ನುವ ಮುಂಚೆ, ಯಾಕೆ ಬಿಟ್ಟೆ ಎಂದು ಒಮ್ಮೆ ಕೇಳಿ. ಈಗ ಅದನ್ನು ಯಾರೂ ಕೇಳುತ್ತಿಲ್ಲ.

2018ರ ಜುಲೈ 1ರಿಂದ ನಿಮ್ಮ ನಿಗಮ ‘ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ’ಯನ್ನು ನಡೆಸುತ್ತಾ ಬಂದಿದೆ. ಕನಿಷ್ಠ ಎರಡು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ಕೆಲಸ ಕಳೆದುಕೊಂಡವರಿಗೆ, ಜೀವಮಾನದಲ್ಲಿ ಒಟ್ಟು 90 ದಿನಗಳ ಮಟ್ಟಿಗೆ, ಕೈಗೆ ಒಂದಿಷ್ಟು ದುಡ್ಡು. ಮೊದಲು ಅದು ಸರಾಸರಿ ದಿನಗೂಲಿಯ ಶೇ 25ರಷ್ಟಿತ್ತು. ಕೋವಿಡ್ ಬಂದ ವರ್ಷ ಶೇ 50ಕ್ಕೆ ಏರಿಸಿದಿರಿ. ಅದಕ್ಕೂ ಹಿಂದಿನಿಂದ, 2005ರ ಏಪ್ರಿಲ್‌ನಿಂದ, ‘ರಾಜೀವ್ ಗಾಂಧಿ ಶ್ರಮಿಕ ಕಲ್ಯಾಣ ಯೋಜನೆ’ ಇದೆ. ಕಾರ್ಖಾನೆ ಮುಚ್ಚಿದರೆ, ಆಳು ಕಡಿತ ಮಾಡಿದರೆ, ಇಲ್ಲವೇ ಕೆಲಸಕ್ಕೆ ಸಂಬಂಧಪಡದ ಅಪಘಾತದಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದ ಶಾಶ್ವತ ಅಂಗವೈಕಲ್ಯ ಬಂದರೆ 24 ತಿಂಗಳವರೆಗೆ ಭತ್ಯೆ ಸಿಗುತ್ತದೆ. ಮೊದಲ 12 ತಿಂಗಳು ಕೂಲಿಯ ಅರ್ಧ, ಮುಂದಿನ 12 ತಿಂಗಳು ಕಾಲು ಭಾಗ.

ಎರಡೂ ಒಳ್ಳೆಯ ಯೋಜನೆಗಳೇ. ಬಂದ ದುಡ್ಡಿನಿಂದ ಮನೆ ಬಾಡಿಗೆ ಕಟ್ಟಿದವರನ್ನು, ಮಗನ ಶಾಲೆಯ ಫೀಸು ಉಳಿಸಿಕೊಂಡವರನ್ನು ನಾನು ನೋಡಿದ್ದೇನೆ. ಆದರೆ ತಾನಾಗಿ ಕೆಲಸ ಬಿಟ್ಟವರಿಗೆ ಎರಡರಲ್ಲೂ ಜಾಗವಿಲ್ಲ. ಅಟಲ್ ಯೋಜನೆಯಲ್ಲಿ ಯಾರಿಗೆ ಪರಿಹಾರ ಸಲ್ಲದು ಎಂದು ಹೇಳುವ ಪಟ್ಟಿಯನ್ನೇ ನೋಡಿ. ಶಿಸ್ತುಕ್ರಮದಲ್ಲಿ ವಜಾಗೊಂಡವರು, ಸುಳ್ಳು ಹೇಳಿಕೆ ಕೊಟ್ಟು ಶಿಕ್ಷೆಗೆ ಒಳಗಾದವರು, ಅದೇ ಸಾಲಿನಲ್ಲಿ ತಾವಾಗಿ ಕೆಲಸ ಬಿಟ್ಟವರು. ಕಳ್ಳತನ ಮಾಡಿ ಸಿಕ್ಕಿಬಿದ್ದವನಿಗೂ, ಸೂಪರ್‌ವೈಸರ್ ಬೈಗುಳ ತಾಳಲಾರದೆ ಹೊರಬಂದವಳಿಗೂ ನಿಮ್ಮ ನಿಗಮ ಕೊಡುವ ಉತ್ತರ ಒಂದೇ.

ಆ ‘ತಾನಾಗಿ’ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ತೋರಿಸುತ್ತೇನೆ. ಕುಣಿಗಲ್ ಕಡೆಯ ಒಬ್ಬ ತಾಯಿ ಬಂದಿದ್ದಳು. ಪ್ಲಾಸ್ಟಿಕ್ ಕವರಿನೊಳಗೆ ಇಎಸ್‌ಐ ಕಾರ್ಡು, ಆಧಾರ್, ಬ್ಯಾಂಕ್ ಪಾಸ್‌ಬುಕ್ಕು, ನಾಲ್ಕು ಮಡಿಕೆ ಮಾಡಿದ ಒಂದು ಹಾಳೆ. ಹಾಳೆ ಅವಳ ರಾಜೀನಾಮೆ ಪತ್ರದ ಜೆರಾಕ್ಸು. ಒಕ್ಕಣೆ ಪೂರ್ತಿ ಇಂಗ್ಲಿಷಿನಲ್ಲಿ, ಕಂಪ್ಯೂಟರಿನಲ್ಲಿ ಟೈಪಾದದ್ದು. ವೈಯಕ್ತಿಕ ಕಾರಣಗಳಿಂದ ಕೆಲಸ ಬಿಡುತ್ತಿದ್ದೇನೆ, ಕಂಪನಿಯಿಂದ ನನಗೆ ಬರಬೇಕಾದ ಬಾಕಿ ಏನೂ ಇಲ್ಲ, ಮುಂದೆ ಯಾವ ತಕರಾರೂ ಮಾಡುವುದಿಲ್ಲ ಎಂದು ಮೂರು ಸಾಲು. ಹೆಸರು ಬರೆಯಲು ಖಾಲಿ ಬಿಟ್ಟ ಜಾಗದಲ್ಲಿ ಬೇರೆ ಯಾರದೋ ಕೈಬರಹ. ತಾರೀಕು ಇನ್ನೊಂದು ಪೆನ್ನಿನದು. ಕೆಳಗೆ ಅವಳ ಸಹಿ ಮಾತ್ರ ಕನ್ನಡದಲ್ಲಿ, ಎರಡನೇ ತರಗತಿಯ ಮಕ್ಕಳು ಬರೆಯುವ ಹಾಗೆ ಒಂದೊಂದು ಅಕ್ಷರವನ್ನೂ ಬಿಡಿಸಿ ಬರೆದದ್ದು.

ಅವಳ ಲೈನನ್ನು ಮುಚ್ಚಿದ್ದರು. ಸೋಮವಾರದಿಂದ ಬೇರೆ ಯೂನಿಟ್ಟಿಗೆ ಹೋಗು ಎಂದರು. ಆ ಯೂನಿಟ್ಟು ಇರುವುದು ಬೇರೆ ಜಿಲ್ಲೆಯಲ್ಲಿ. ಬೆಳಿಗ್ಗೆ ಐದಕ್ಕೆ ಮನೆ ಬಿಟ್ಟರೆ ರಾತ್ರಿ ಒಂಬತ್ತಕ್ಕೆ ವಾಪಸು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ನಾಲ್ಕು ವರ್ಷದ ಮಗಳು. ಆಗಲ್ಲ ಸಾರ್ ಎಂದಾಗ, ಹಾಗಾದರೆ ಇಲ್ಲಿ ಸೈನ್ ಹಾಕು, ಇವತ್ತೇ ಸೆಟ್ಲ್‌ಮೆಂಟ್ ಮಾಡಿ ಕಳಿಸುತ್ತೇವೆ ಎಂದರಂತೆ. ಅವಳು ಹೇಳಿದ ಮಾತು ಇದು: “ಅಕ್ಕ, ಬಿಟ್ಟಿದ್ದು ನಾನೇ, ಸೈನೂ ನಂದೇ. ಆದ್ರೆ ಬಿಡ್ಬೇಕು ಅಂತ ನಾನು ಯಾವತ್ತೂ ಅಂದ್ಕೊಂಡಿರ್ಲಿಲ್ಲ.”

ಪರಿಹಾರ ಕೇಳಲು ಹೋದಾಗ ಇಎಸ್‌ಐ ಶಾಖಾ ಕಚೇರಿಯಲ್ಲಿ ಯಾರೂ ಅವಳನ್ನು ಗದರಲಿಲ್ಲ. ಕೌಂಟರಿನಲ್ಲಿದ್ದವರು ಸಮಾಧಾನವಾಗಿಯೇ ಮಾತಾಡಿದರು. “ರಿಸೈನ್ ಮಾಡಿದೀನಿ ಅಂತ ಇದೆಯಲ್ಲಮ್ಮ, ನಾವೇನು ಮಾಡೋಕಾಗುತ್ತೆ” ಎಂದರು. ಅವರು ಹೇಳಿದ್ದು ನಿಯಮದ ಪ್ರಕಾರ ಸರಿ. ಅದಕ್ಕೇ ಈ ಪತ್ರ ಅವರಿಗಲ್ಲ, ನಿಮಗೆ.

ಒಂದು ಸಹಿಯಿಂದ ಅವಳು ಕಳೆದುಕೊಂಡದ್ದು ಎಷ್ಟು ಎಂದು ಲೆಕ್ಕ ಹಾಕೋಣ. ಸಂಬಳ ತಿಂಗಳಿಗೆ 12,000 ರೂಪಾಯಿ ಎಂದಿಟ್ಟುಕೊಳ್ಳಿ. ದಿನಕ್ಕೆ 400. ಅರ್ಧವೆಂದರೆ 200, ಅದರ ಮೇಲೆ 90 ದಿನ, ಒಟ್ಟು 18,000 ರೂಪಾಯಿ. ಅದು ಅಟಲ್ ಯೋಜನೆಯದು. ಲೈನ್ ಮುಚ್ಚಿದ್ದಕ್ಕೆ ಅವಳನ್ನು ಕಡಿತ ಮಾಡಲಾಗಿದೆ ಎಂದು ಕಂಪನಿ ಬರೆದುಕೊಟ್ಟಿದ್ದರೆ, ಉಳಿದ ಷರತ್ತುಗಳೂ ಕೂಡಿಬಂದರೆ, ಎರಡು ವರ್ಷದ ಭತ್ಯೆಗೂ ಅರ್ಜಿ ಹಾಕಬಹುದಿತ್ತು. ಅದು ಒಂದು ಲಕ್ಷ ದಾಟುವ ಮೊತ್ತ. ಇನ್ನು ಕಡಿತದ ಪರಿಹಾರ. ಒಂದೊಂದು ವರ್ಷದ ದುಡಿಮೆಗೆ 15 ದಿನದ ಸಂಬಳ ಕೊಡಬೇಕು, ಒಂದು ತಿಂಗಳ ನೋಟಿಸ್ ಇಲ್ಲವೇ ಆ ತಿಂಗಳ ಸಂಬಳ ಕೊಡಬೇಕು ಎಂದು 1947ರ ಕೈಗಾರಿಕಾ ವಿವಾದ ಕಾಯ್ದೆ ಹೇಳಿತ್ತು. 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಅದೇ 15 ದಿನದ ಲೆಕ್ಕ ಇಟ್ಟುಕೊಂಡಿದೆ. ರಾಜೀನಾಮೆ ಕೊಟ್ಟವರಿಗೆ ಇದೂ ಇಲ್ಲ.

ಮಾಲೀಕರಿಗೆ ರಾಜೀನಾಮೆ ಪತ್ರ ಯಾಕೆ ಇಷ್ಟು ಬೇಕಾದದ್ದು ಎಂದು ಈಗ ನಿಮಗೆ ಹೊಳೆದಿರುತ್ತದೆ. ಕಡಿತ ಮಾಡಿದರೆ ಪರಿಹಾರ ಕೊಡಬೇಕು. ದೊಡ್ಡ ಕಾರ್ಖಾನೆಯಾದರೆ ಮುಚ್ಚಲು ಸರ್ಕಾರದ ಅನುಮತಿ ಬೇಕು. ಒಬ್ಬೊಬ್ಬರನ್ನೇ ಕರೆದು ಸಹಿ ಹಾಕಿಸಿಕೊಂಡರೆ ಎರಡೂ ಬೇಡ. ಕೋವಿಡ್ ಕಾಲದಲ್ಲಿ ಹೀಗೆ ಎಷ್ಟು ಲೈನುಗಳು ಸದ್ದಿಲ್ಲದೆ ಖಾಲಿಯಾದವು ಎಂದು ಬೆಂಗಳೂರಿನ ಕಾರ್ಮಿಕ ಸಂಘದವರನ್ನು ಕೇಳಿದರೆ ಹೇಳುತ್ತಾರೆ. 2020ರ ಜೂನ್‌ನಲ್ಲಿ ಶ್ರೀರಂಗಪಟ್ಟಣದ ಒಂದು ಘಟಕದಲ್ಲಿ ಸುಮಾರು 1,200 ಜನರನ್ನು ಒಮ್ಮೆಲೇ ಲೇಆಫ್ ಮಾಡಿದಾಗ ಅಲ್ಲಿನ ಹೆಂಗಸರು ಆವರಣ ಬಿಟ್ಟು ಕದಲದೆ ವಾರಗಟ್ಟಲೆ ಧರಣಿ ಕೂತರು. ಅಲ್ಲಿ ಸಂಘ ಇತ್ತು. ಸಂಘ ಇಲ್ಲದ ಕಡೆ ಪತ್ರಗಳು ಇದ್ದವು.

ಅವಳ ಕಾಗದ ನೋಡಿದ ಮೇಲೆ ಇನ್ನೊಂದು ಸಂಗತಿ ಹುಡುಕಿ ತಿಳಿದುಕೊಂಡೆ. ಇಎಸ್‌ಐ ವಂತಿಗೆಯ ಮಾಸಿಕ ಪಟ್ಟಿಯನ್ನು ಕಂಪನಿಯವರು ನಿಮ್ಮ ಪೋರ್ಟಲ್ಲಿಗೆ ಏರಿಸುತ್ತಾರಲ್ಲ, ಅದರಲ್ಲಿ ಒಬ್ಬರ ಕೆಲಸದ ದಿನ ಸೊನ್ನೆ ಎಂದು ಬಂದರೆ ಕಾರಣದ ಸಂಖ್ಯೆಯನ್ನೂ ಹಾಕಬೇಕು. ರಜೆಯಲ್ಲಿದ್ದರೆ 1. ಕೆಲಸ ಬಿಟ್ಟಿದ್ದರೆ 2. ನಿವೃತ್ತಿಯಾದರೆ 3. ತೀರಿಕೊಂಡಿದ್ದರೆ 5. ಮುಷ್ಕರ ಅಥವಾ ಬೀಗಮುದ್ರೆಯಾದರೆ 9. ಕಡಿತ ಮಾಡಿದ್ದರೆ 10. ಎರಡರ ಜಾಗದಲ್ಲಿ ಹತ್ತು ಹಾಕಿದ್ದರೆ ಅವಳ ಮನೆಯ ಮುಂದಿನ ಎರಡು ವರ್ಷವೇ ಬೇರೆಯಾಗುತ್ತಿತ್ತು. ಆ ಸಂಖ್ಯೆ ಹಾಕುವವರು ಕಂಪನಿಯ ಆಫೀಸಿನವರು. ಅವಳು ಅದನ್ನು ನೋಡುವುದೇ ಇಲ್ಲ. ಅದು ತಪ್ಪು, ನಾನು ಹೀಗೆ ಬಿಟ್ಟವಳಲ್ಲ ಎಂದು ಹೇಳಲು ಅವಳಿಗೆ ಒಂದು ಕಾಲಂ ಕೂಡ ಇಲ್ಲ. ತಿಂಗಳು ತಿಂಗಳೂ ಅವಳ ಸಂಬಳದಿಂದ ಶೇ 0.75 ಹಿಡಿದಿದ್ದೀರಿ, ಕಂಪನಿಯಿಂದ ಶೇ 3.25 ತೆಗೆದುಕೊಂಡಿದ್ದೀರಿ. 12,000ದ ಮೇಲೆ ಎರಡೂ ಸೇರಿ 480 ರೂಪಾಯಿ. ದುಡ್ಡು ಹಿಡಿಯುವಾಗ ಅವಳು ನಿಮ್ಮ ಸದಸ್ಯೆ. ಅವಳ ಬದುಕಿನ ಬಗ್ಗೆ ನಿಮ್ಮ ದಾಖಲೆಯಲ್ಲಿ ಒಂದು ಸಂಖ್ಯೆ ಬರೆಯುವಾಗ ಮಾತ್ರ ಅವಳನ್ನು ಯಾರೂ ಮಾತಾಡಿಸುವುದಿಲ್ಲ.

ಎಲ್ಲ ರಾಜೀನಾಮೆಗಳೂ ಹೀಗೆ ಬಲವಂತದವು ಎಂದು ನಾನು ಹೇಳುವುದಿಲ್ಲ. ಯಾರೂ ಕರೆದು ಸಹಿ ಹಾಕಿಸದೆ, ತಾವೇ ಯೋಚಿಸಿ ಬಿಟ್ಟವರ ಕಾರಣಗಳನ್ನೂ ಕೇಳಿ. ಹೆರಿಗೆಯಾಗಿ ವಾಪಸು ಬಂದವಳಿಗೆ ಕೂಸನ್ನು ಬಿಡಲು ಜಾಗವಿಲ್ಲ. 30ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾರ್ಖಾನೆಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಶಿಶುಪಾಲನಾ ಕೋಣೆ ಇರಲೇಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಕೋಣೆ ಇರುತ್ತದೆ, ಬೋರ್ಡು ಇರುತ್ತದೆ, ನೋಡಿಕೊಳ್ಳುವ ಆಯಾ ಇರುವುದಿಲ್ಲ. ಇನ್ನೊಬ್ಬಳಿಗೆ ಹತ್ತು ಗಂಟೆ ಕೂತು ಕೂತು ಸೊಂಟ ಬಿದ್ದುಹೋಗಿದೆ. ನಿಂತು ಮಾಡುವ ಚೆಕ್ಕಿಂಗ್ ಕೆಲಸ ಕೊಡಿ ಎಂದರೆ ಟೈಲರ್‌ಗೆ ಅದು ಆಗಲ್ಲ ಎಂದಿದ್ದಾರೆ. ಮತ್ತೊಬ್ಬಳ ಗಂಡನಿಗೆ ಹುಬ್ಬಳ್ಳಿಯಲ್ಲಿ ಕೆಲಸ ಸಿಕ್ಕಿದೆ, ಸಂಸಾರ ಅಲ್ಲಿಗೆ ಹೋಗಿದೆ. ಹೇಳಿಕೊಳ್ಳಲಾಗದ ಕಾರಣವೂ ಒಂದಿದೆ. ಲೈನಿನ ನಡುವೆ ಹಾಯುವಾಗ ಬೆನ್ನು ಸವರುವ ಇನ್‌ಚಾರ್ಜ್, ಟಾರ್ಗೆಟ್ ತಪ್ಪಿದ ದಿನ ಪೀಸ್ ಎಸೆದು ತಾಯಿ ಹೆಸರೆತ್ತಿ ಬೈಯುವ ಸೂಪರ್‌ವೈಸರ್. 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆಯಡಿ ದೂರು ಕೊಡಬಹುದು ನಿಜ. ಕೊಟ್ಟವಳು ಮರುದಿನ ಅದೇ ಲೈನಿನಲ್ಲಿ ಅದೇ ಮನುಷ್ಯನ ಕಣ್ಣೆದುರು ಕೂರಬೇಕಲ್ಲ. ಬಹಳ ಮಂದಿ ದೂರು ಬರೆಯುವ ಬದಲು ರಾಜೀನಾಮೆ ಬರೆಯುತ್ತಾರೆ. ಇವರೆಲ್ಲರ ಪತ್ರದಲ್ಲಿರುವುದೂ ಅದೇ ವೈಯಕ್ತಿಕ ಕಾರಣ.

ನಿಮ್ಮ ಅಧಿಕಾರಿಗಳು ಹೇಳಬಹುದಾದ ಮಾತು ನನಗೆ ಗೊತ್ತು. ಕೆಲಸ ಬಿಟ್ಟವರಿಗೆಲ್ಲ ದುಡ್ಡು ಕೊಡುತ್ತಾ ಹೋದರೆ ನಿಧಿ ಉಳಿಯುತ್ತದೆಯೇ, ಕೂತು ತಿನ್ನುವವರು ಹೆಚ್ಚುವುದಿಲ್ಲವೇ ಎಂದು. ಇದು ತಳ್ಳಿಹಾಕುವ ಮಾತಲ್ಲ. ನಿಧಿ ಎಲ್ಲ ಸದಸ್ಯರದು, ಅದನ್ನು ಕಾಯಬೇಕು. ಆದರೆ ಜೀವಮಾನಕ್ಕೆ 90 ದಿನ, ಅದೂ ಅರ್ಧ ಕೂಲಿ ಎನ್ನುವ ಮಿತಿ ಇದ್ದಾಗ, ತಿಂಗಳಿಗೆ 6,000 ರೂಪಾಯಿಯ ಆಸೆಗೆ 12,000ದ ಕೆಲಸವನ್ನು ಯಾವ ತಾಯಿ ಬಿಡುತ್ತಾಳೆ? ಮೂರು ತಿಂಗಳು ಕಳೆದ ಮೇಲೆ ಅವಳಿಗೆ ಏನೂ ಇಲ್ಲ. ಕೆಲಸವೂ ಇಲ್ಲ, ಹಳೆಯ ಸರ್ವಿಸ್ಸೂ ಇಲ್ಲ.

ಜಗತ್ತಿನ ಬೇರೆ ಕಡೆ ಇದೇ ಪ್ರಶ್ನೆಯನ್ನು ಎಂದೋ ಎದುರಿಸಿ ದಾರಿ ಹುಡುಕಿಕೊಂಡಿದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1952ರ 102ನೇ ಒಪ್ಪಂದವಾಗಲಿ, 1988ರ 168ನೇ ಒಪ್ಪಂದವಾಗಲಿ, ನ್ಯಾಯವಾದ ಕಾರಣವಿಲ್ಲದೆ ತಾನಾಗಿ ಕೆಲಸ ಬಿಟ್ಟವರಿಗೆ ಭತ್ಯೆ ನಿಲ್ಲಿಸಬಹುದು ಎನ್ನುತ್ತವೆ. ಕಾರಣ ಇದೆಯೇ ಇಲ್ಲವೇ ಎಂದು ನೋಡುವ ಹೊಣೆ ಅಲ್ಲೇ ಬಂತು. ಜರ್ಮನಿಯಲ್ಲಿ ಸರಿಯಾದ ಕಾರಣ ತೋರಿಸದೆ ಬಿಟ್ಟರೆ ಸಾಮಾನ್ಯವಾಗಿ 12 ವಾರ ಭತ್ಯೆ ತಡೆಹಿಡಿಯುತ್ತಾರೆ. ದಿನಗಳು ಕಡಿಮೆಯಾಗುತ್ತವೆ, ಆದರೆ ಹಕ್ಕೇ ಹೋಗುವುದಿಲ್ಲ. ಜಪಾನಿನಲ್ಲಿ ತಾನಾಗಿ ಬಿಟ್ಟವರ ಕಾಯುವ ಅವಧಿಯನ್ನು 2020ರಲ್ಲಿ ಮೂರು ತಿಂಗಳಿಂದ ಎರಡಕ್ಕೆ, 2025ರ ಏಪ್ರಿಲ್‌ನಿಂದ ಒಂದಕ್ಕೆ ಇಳಿಸಿದರು. ಕಾಯಿಲೆ, ಮನೆಯವರ ಆರೈಕೆಯಂಥ ಕಾರಣಕ್ಕೆ ಬಿಟ್ಟವರನ್ನು ಅಲ್ಲಿ ಬೇರೆಯಾಗಿಯೇ ಎಣಿಸುತ್ತಾರೆ, ಅವರಿಗೆ ಆ ತಡೆಯೂ ಇಲ್ಲ. ಅಮೆರಿಕದ ರಾಜ್ಯಗಳಲ್ಲೂ ನಿಯಮ ಬಿಗಿಯೇ. ಆದರೂ ಬಿಟ್ಟವರು ತಮ್ಮ ಕಾರಣ ಹೇಳಿಕೊಳ್ಳಬಹುದು, ಒಪ್ಪದಿದ್ದರೆ ಮೇಲ್ಮನವಿ ಸಲ್ಲಿಸಬಹುದು. ಇವೆಲ್ಲ ಶ್ರೀಮಂತ ದೇಶಗಳು, ನಮಗೂ ಅವರಿಗೂ ಏನು ಹೋಲಿಕೆ ಎನ್ನಬೇಡಿ. ನಾನು ಅವರಷ್ಟು ದುಡ್ಡು ಕೊಡಿ ಎನ್ನುತ್ತಿಲ್ಲ. ಅವರು ಕೇಳುವ ಪ್ರಶ್ನೆಯನ್ನು ಕೇಳಿ ಎನ್ನುತ್ತಿದ್ದೇನೆ. ಅದಕ್ಕೆ ದುಡ್ಡು ಬೇಕಾಗಿಲ್ಲ.

ದೂರ ಯಾಕೆ, ನಮ್ಮದೇ ಕಾನೂನುಗಳಿವೆ. 1972ರ ಗ್ರ್ಯಾಚುಯಿಟಿ ಕಾಯ್ದೆಯಲ್ಲಿ ಐದು ವರ್ಷ ದುಡಿದವರು ನಿವೃತ್ತರಾದರೂ ಸರಿ, ರಾಜೀನಾಮೆ ಕೊಟ್ಟರೂ ಸರಿ, ಗ್ರ್ಯಾಚುಯಿಟಿ ಸಲ್ಲಬೇಕಿತ್ತು. ಬಿಟ್ಟು ಹೋದೆಯಲ್ಲ ಎಂದು ಆ ಕಾಯ್ದೆ ಯಾರನ್ನೂ ಶಿಕ್ಷಿಸಲಿಲ್ಲ. 1952ರ ಪಿಎಫ್ ಯೋಜನೆಯಲ್ಲಿ ಇನ್ನೊಂದು ಮಾತು ಬರೆದಿಟ್ಟಿದ್ದರು. ಕೆಲಸ ಬಿಟ್ಟವರು ಪಿಎಫ್ ಎತ್ತಲು ಎರಡು ತಿಂಗಳು ಕಾಯಬೇಕು, ಆದರೆ ಮದುವೆಗಾಗಿ ರಾಜೀನಾಮೆ ಕೊಡುವ ಹೆಣ್ಣುಮಕ್ಕಳು ಕಾಯಬೇಕಾಗಿಲ್ಲ ಎಂದು. ನೋಡಿ, ಹೆಂಗಸೊಬ್ಬಳು ಯಾಕೆ ಕೆಲಸ ಬಿಟ್ಟಳು ಎಂದು ಕೇಳುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆಯಲ್ಲ. ಮದುವೆ ಎಂಬ ಒಂದು ಕಾರಣವನ್ನು ಅದು ಕೇಳಿತ್ತು, ಒಪ್ಪಿತ್ತು. ಮದುವೆಯಾದ ಮೇಲೆ ಬರುವ ಬಸಿರು, ಬಾಣಂತನ, ಕೂಸು, ಕಾಯಿಲೆಯ ಅತ್ತೆ, ಊರು ಬಿಡುವ ಗಂಡ, ಇವನ್ನೂ ಒಪ್ಪಿಕೊಳ್ಳಲು ಯಾವ ಅಡ್ಡಿ?

2016ರ ಏಪ್ರಿಲ್ 18 ಮತ್ತು 19 ನಿಮ್ಮ ಸಚಿವಾಲಯಕ್ಕೆ ನೆನಪಿರಬೇಕು. ಮಾಲೀಕರ ಪಾಲಿನ ಪಿಎಫ್ ಹಣವನ್ನು 58 ವರ್ಷದವರೆಗೆ ಮುಟ್ಟುವಂತಿಲ್ಲ ಎಂಬ ಆದೇಶ ಬಂದಾಗ ಬೆಂಗಳೂರಿನ ಗಾರ್ಮೆಂಟ್ಸ್ ಹೆಂಗಸರು ಸಾವಿರ ಸಾವಿರ ಸಂಖ್ಯೆಯಲ್ಲಿ ರಸ್ತೆಗಿಳಿದರು. ಹೊಸೂರು ರಸ್ತೆ, ತುಮಕೂರು ರಸ್ತೆ ಎರಡೂ ನಿಂತುಹೋದವು. ಲಾಠಿ ಬೀಸಿದರು, ಅಶ್ರುವಾಯು ಸಿಡಿಸಿದರು. ಎರಡನೇ ದಿನ ಸರ್ಕಾರ ಆದೇಶವನ್ನು ಹಿಂದಕ್ಕೆ ಪಡೆಯಿತು. ಹೊರಗಿನವರು ಆಗ ಆಶ್ಚರ್ಯಪಟ್ಟರು, ವಯಸ್ಸಾದ ಕಾಲಕ್ಕೆ ಇರಲಿ ಎಂದರೆ ಇವರು ಯಾಕೆ ಬೇಡ ಎನ್ನುತ್ತಾರೆ ಎಂದು. ಗಾರ್ಮೆಂಟ್ಸಿನಲ್ಲಿ 58ರವರೆಗೆ ಮೆಷಿನ್ ತುಳಿದವರು ಎಷ್ಟು ಮಂದಿ ಸಿಗುತ್ತಾರೆ? ನಮಗೆ ಪಿಎಫ್ ಎಂದರೆ ಮುಪ್ಪಿನ ದುಡ್ಡಲ್ಲ. ಕೆಲಸ ಬಿಟ್ಟು ಇನ್ನೊಂದು ಕೆಲಸ ಸಿಗುವವರೆಗಿನ ಅಕ್ಕಿ, ಬಾಡಿಗೆ, ಔಷಧಿ. ನಿರುದ್ಯೋಗ ಭತ್ಯೆ ಕೊಡಬೇಕಾದ ಜಾಗದಲ್ಲಿ ಏನೂ ಇಲ್ಲದ್ದಕ್ಕೆ ನಾವು ನಮ್ಮ ಮುಪ್ಪನ್ನೇ ಬಿಡಿಸಿಕೊಂಡು ತಿನ್ನುತ್ತಿದ್ದೇವೆ. ಮಾಲೀಕರು ಬಿಡಿಸಿದರೂ ಅದೇ, ನಾವಾಗಿ ಬಿಟ್ಟರೂ ಅದೇ. ಅರ್ಜಿ ತುಂಬಿಸಿಕೊಳ್ಳಲು ಬರುವವರಲ್ಲಿ ಹೆಚ್ಚಿನವರ ಪಿಎಫ್ ಖಾತೆ ಒಮ್ಮೆಯಾದರೂ ಬರಿದಾಗಿರುತ್ತದೆ.

ನಿಯಮ ಬದಲಿಸುವುದು ನಿಮಗೆ ಕಷ್ಟವೇನಲ್ಲ. ಅಟಲ್ ಯೋಜನೆಯ ಅರ್ಜಿ ಮೊದಲು ಮಾಲೀಕರ ಮೂಲಕವೇ ಬರಬೇಕಿತ್ತು. 2020ರಲ್ಲಿ ಅದನ್ನು ತೆಗೆದು ಕೆಲಸಗಾರರೇ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದು ಎಂದಿರಿ. 90 ದಿನ ಕಾದು ಹಾಕಬೇಕಿದ್ದ ಅರ್ಜಿಯನ್ನು 30 ದಿನಕ್ಕೆ ತಂದಿರಿ. ಆ ಎರಡು ಬದಲಾವಣೆಗಳಿಂದ ಎಷ್ಟು ಜನಕ್ಕೆ ಅನುಕೂಲವಾಯಿತು ಎನ್ನುವುದಕ್ಕೆ ನಾನು ತುಂಬಿದ ಅರ್ಜಿಗಳೇ ಸಾಕ್ಷಿ, ಅದಕ್ಕೆ ನಿಮಗೆ ಕೈಮುಗಿಯುತ್ತೇನೆ. ಮಾಲೀಕರ ಸಹಿಗೆ ಕಾಯುವುದನ್ನು ತಪ್ಪಿಸಿದವರು, ಮಾಲೀಕರು ಬರೆದ ಕಾರಣಕ್ಕೆ ಕಟ್ಟುಬೀಳುವುದನ್ನೂ ತಪ್ಪಿಸಬಲ್ಲಿರಿ.

ಕಂಪನಿಯವರು ಕೆಲಸ ಬಿಟ್ಟಿದ್ದಾಳೆ ಎಂದು ಪೋರ್ಟಲ್ಲಿನಲ್ಲಿ ಹಾಕಿದ ದಿನವೇ ಅವಳ ಫೋನಿಗೆ ಕನ್ನಡದಲ್ಲಿ ಒಂದು ಸಂದೇಶ ಬರಲಿ. ಇದು ನಿಜವಲ್ಲ ಎಂದು ಹೇಳಲು ಅವಳಿಗೆ ಒಂದು ತಿಂಗಳ ಅವಕಾಶ ಇರಲಿ. ಅವಳಿಗೆ ಓದಲು ಬಾರದ ಭಾಷೆಯ ಪತ್ರವನ್ನು ರಾಜೀನಾಮೆ ಎಂದು ಒಪ್ಪಿಕೊಳ್ಳಬೇಡಿ. ಒಂದೇ ತಿಂಗಳಲ್ಲಿ ಒಂದೇ ಘಟಕದಿಂದ ಗುಂಪು ಗುಂಪಾಗಿ ರಾಜೀನಾಮೆ ಬಂದರೆ ಅದನ್ನು ಕಡಿತ ಎಂದೇ ತಿಳಿದು ವಿಚಾರಿಸಿ. ಹಾಗಲ್ಲ ಎಂದು ತೋರಿಸುವ ಹೊಣೆ ಕಂಪನಿಯದಾಗಲಿ. ಸಂಬಳ ಬಾಕಿ, ಕಿರುಕುಳ, ದೂರದ ವರ್ಗ, ವೈದ್ಯರು ಬರೆದುಕೊಟ್ಟ ಕಾಯಿಲೆ, ಕೂಸು ಅಥವಾ ಹಿರಿಯರ ಆರೈಕೆ, ಈ ಕಾರಣಗಳಿಗೆ ಬಿಟ್ಟವರನ್ನು ಕೆಲಸ ಕಳೆದುಕೊಂಡವರೆಂದೇ ಎಣಿಸಿ. ಕಿರುಕುಳದ ವಿಷಯದಲ್ಲಿ ಲಿಖಿತ ದೂರಿನ ಪ್ರತಿ ತಾ ಎನ್ನಬೇಡಿ. ಅವಳ ಹೇಳಿಕೆಯನ್ನು ಒಬ್ಬ ಮಹಿಳಾ ಅಧಿಕಾರಿ ಕೂತು ಕೇಳಿ ಬರೆದುಕೊಂಡರೆ ಸಾಕು. ಯಾವ ಕಾರಣವೂ ಇಲ್ಲದೆ, ಬೇಡವೆನಿಸಿ ಬಿಟ್ಟವರು ಬೇಕಾದರೆ ಒಂದು ತಿಂಗಳು ಹೆಚ್ಚು ಕಾಯಲಿ. ಅವರೂ ವಂತಿಗೆ ಕಟ್ಟಿದವರೇ, ಪೂರ್ತಿ ಕೈಬಿಡಬೇಡಿ.

ನಿಮ್ಮ ನಿಗಮದ ಸಭೆಯಲ್ಲಿ ಮಾಲೀಕರ ಪ್ರತಿನಿಧಿಗಳು, ಕಾರ್ಮಿಕರ ಪ್ರತಿನಿಧಿಗಳು, ರಾಜ್ಯ ಸರ್ಕಾರಗಳವರು ಎಲ್ಲರೂ ಕೂರುತ್ತಾರೆ. ಮುಂದಿನ ಸಭೆಯ ಕಾರ್ಯಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿ. ಸಭೆಗೆ ಮುಂಚೆ ನಿಮ್ಮ ಕಡೆಯ ಯಾರಾದರೂ ಒಬ್ಬರು ಒಂದು ಭಾನುವಾರ ಪೀಣ್ಯಕ್ಕೆ ಬಂದು ಕೂತರೆ ಇನ್ನೂ ಒಳ್ಳೆಯದು. ಭಾನುವಾರವೇ ಬರಬೇಕು, ಬೇರೆ ದಿನ ಇವರಿಗೆ ಬಿಡುವಿರುವುದಿಲ್ಲ. ರಾಜೀನಾಮೆ ಪತ್ರಗಳ ಪ್ರತಿಗಳನ್ನು ಹೆಸರು ಮರೆಸಿ ಜೋಡಿಸಿಟ್ಟಿದ್ದೇವೆ. ಒಕ್ಕಣೆ, ಅಕ್ಷರದ ಗಾತ್ರ, ಅಲ್ಪವಿರಾಮ ಕೂಡ ಒಂದೇ ಆಗಿರುವ ಪತ್ರಗಳಿಗೆ ಬೇರೆ ಬೇರೆ ಹೆಂಗಸರ ಸಹಿ ಬಿದ್ದಿರುವುದನ್ನು ಪಕ್ಕಪಕ್ಕ ಇಟ್ಟು ತೋರಿಸುತ್ತೇವೆ.

ಇಂತಿ,
ಇಎಸ್‌ಐಗೆ ವಂತಿಗೆ ಕಟ್ಟಿದ ಒಬ್ಬ ಮಾಜಿ ಟೈಲರ್
ಪೀಣ್ಯ, ಬೆಂಗಳೂರು